ನನ್ನ ತಂಗಿ ಬಿಡಿಸಿದ ಮಖಮಲ್ ಕೋಟು

ನನ್ನ ತಂಗಿಯನ್ನು ಮಳಿಗೆಯಲ್ಲಿ ಎಲ್ಲರೂ ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಕಡ್ಡಿಯ ಹಾಗೆ ಸಣ್ಣಗಿದ್ದಳು ಎನ್ನುವುದು ಒಂದು ಕಾರಣ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಊರೆಲ್ಲ ಹುಡುಕುತ್ತಿದ್ದಳು ಎನ್ನುವುದು ಇನ್ನೊಂದು. ಅವಳು ಹೋಗಿ ಎರಡು ವರ್ಷವಾಯಿತು. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ಆದರೆ ಅವಳ ವಿಷಯ ಬಲ್ಲವರು ನನ್ನನ್ನು ಬಿಟ್ಟರೆ ಇನ್ನು ಯಾರೂ ಉಳಿದಿಲ್ಲ.

ನಮ್ಮಮ್ಮ ಮನೆಯಲ್ಲೇ ಕೂತು ಹರಿದ ಬಟ್ಟೆ ಸರಿಮಾಡಿಕೊಡುತ್ತಿದ್ದಳು. ಹೊಲಿಗೆ ಯಂತ್ರ ಒಂದೇ, ಮಂಚವೂ ಒಂದೇ. ನಾನೂ ತಂಗಿಯೂ ಆ ಮಂಚದಲ್ಲಿ ಒಬ್ಬರ ತಲೆಯ ಕಡೆ ಒಬ್ಬರು ಕಾಲು ಮಾಡಿ ಮಲಗುತ್ತಿದ್ದೆವು. ಹಾಗೆ ಮಲಗಿದರೆ ಇಬ್ಬರಿಗೂ ಜಾಗ ಸಾಲುತ್ತಿತ್ತು. ಅಮ್ಮನ ಕಣ್ಣು ಮಂಜಾದಾಗ ಸೂಜಿಗೆ ದಾರ ಪೋಣಿಸಲು ಒಬ್ಬರು ಬೇಕಾದರು. ನನ್ನನ್ನು ಶಾಲೆ ಬಿಡಿಸಿದರು. ತಂಗಿ ಆಗಲೇ ಬಟ್ಟೆಯ ಅಚ್ಚು ಕತ್ತರಿಸುವ ಕಂದು ಕಾಗದದ ತುಂಬ ಹೆಂಗಸರ ಚಿತ್ರ ಬಿಡಿಸುತ್ತಿದ್ದಳು. ಶಾಲೆಯ ಚಿತ್ರದ ಮೇಷ್ಟ್ರು ಮನೆಗೇ ಬಂದು, ‘ಈ ಮಗುವಿನ ಕೈ ಕಟ್ಟಬೇಡಿ’ ಎಂದು ಹೇಳಿಹೋದರು. ಅವಳಿಗೆ ಬಣ್ಣದ ಪೆಟ್ಟಿಗೆ ಬಂತು, ನನಗೆ ಬೆರಳಿಗೆ ಹಾಕುವ ಲೋಹದ ಟೋಪಿ ಬಂತು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲವೇ ಎಂದು ನೀವು ಕೇಳಿದರೆ, ಆಗಲಿಲ್ಲ ಎನ್ನುತ್ತೇನೆ. ನಾನು ಹೊಲಿದ ಅಂಗಿ ಹಾಕಿಕೊಂಡೇ ಅವಳು ಶಾಲೆಗೆ ಹೋಗುತ್ತಿದ್ದಳು. ಅವಳು ಬೀದಿಯ ತಿರುವು ದಾಟುವವರೆಗೆ ನಾನು ಬಾಗಿಲಲ್ಲಿ ನಿಂತು ಅಂಗಿಯ ಬೆನ್ನು ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದೆ.

ಮುಂದೆ ನಾವಿಬ್ಬರೂ ಒಂದೇ ಮಳಿಗೆಯಲ್ಲಿ ಕೆಲಸಕ್ಕೆ ಸೇರಿದೆವು. ದೊಡ್ಡ ಬೀದಿಯ ಮೂಲೆಯಲ್ಲಿ ಮೂರು ಅಂತಸ್ತಿನ ಕಟ್ಟಡ. ಬೀದಿಯ ಮಟ್ಟದಲ್ಲಿ ಗಾಜಿನ ಕಪಾಟು, ಕನ್ನಡಿ, ಗಿರಾಕಿಗಳು. ಮಹಡಿಯಲ್ಲಿ ಉಡುಪಿನ ವಿನ್ಯಾಸ ಯೋಚಿಸುವ ಮೂವರು ಗಂಡಸರ ಕೋಣೆ. ಅದಕ್ಕೆ ನಾವು ‘ಮೇಲಿನ ಕೋಣೆ’ ಎನ್ನುತ್ತಿದ್ದೆವು. ನೆಲದಡಿಯಲ್ಲಿ ಕತ್ತರಿಸುವವರು, ಹೊಲಿಯುವವರು, ಅಂದರೆ ನಾವು. ನನ್ನ ಯಜಮಾನರು ಅಲ್ಲಿ ಕಟಿಂಗ್ ಮಾಸ್ತರು. ಬಟ್ಟೆಯ ಮೇಲೆ ಕಾಗದದ ಅಚ್ಚು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಡುವುದು ನನ್ನ ಕೆಲಸ. ನನ್ನ ಪಕ್ಕದಲ್ಲಿ ಗುಂಡಿಯ ತೂತು ಹೊಲಿಯುವ ಹೆಂಗಸು ಕೂರುತ್ತಿದ್ದಳು, ಕಾಜಾ ಅಕ್ಕ. ತಂಗಿಗೆ ಮೆಟ್ಟಿಲ ತಿರುವಿನಲ್ಲಿ ಒಂದು ಸಣ್ಣ ಮೇಜು. ಮೇಲಿನ ಕೋಣೆಯವರು ಬಾಯಲ್ಲಿ ಹೇಳಿದ್ದನ್ನು ಅವಳು ಚಿತ್ರ ಮಾಡಬೇಕು. ಆ ಚಿತ್ರ ನೋಡಿ ಗಿರಾಕಿಗಳು ಬಟ್ಟೆ ಆರಿಸಬೇಕು.

ಚಿತ್ರ ಕೆಳಗೆ ಬಂದಾಗಲೆಲ್ಲ ನಮ್ಮವರು ಅದನ್ನು ದೀಪಕ್ಕೆ ಹಿಡಿದು ಶುರುಮಾಡುತ್ತಿದ್ದರು.

‘ಪೆನ್ಸಿಲ್, ಇವಳ ಕಾಲು ಎಲ್ಲಿ ಮುಗಿಯುತ್ತಮ್ಮ? ಪಕ್ಕದ ಬೀದೀಲಾ?’

‘ಭಾವ, ಚಿತ್ರದ ಹೆಂಗಸು ಒಂಬತ್ತು ತಲೆ ಎತ್ತರ ಇರ್ಬೇಕು. ಅದೇ ಲೆಕ್ಕ.’

‘ನಮ್ಮ ಗಿರಾಕಿಗಳಿಗೆ ಇರೋದು ಒಂದೇ ತಲೆ. ಅದರಲ್ಲೂ ಅರ್ಧ ಖಾಲಿ.’

‘ನೀವು ಕತ್ತರಿಸೋದು ಇರೋ ಹೆಂಗಸರಿಗೆ. ನಾನು ಬಿಡಿಸೋದು ಕನ್ನಡಿ ಮುಂದೆ ಅವರು ತಮ್ಮನ್ನ ಏನಂದ್ಕೊಳ್ತಾರೋ ಆ ಹೆಂಗಸರನ್ನ.’

ಕಾಜಾ ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನಗುತ್ತಿದ್ದಳು. ತೆಗೆಯದೆ ನಕ್ಕು ಒಂದು ಸಲ ಪಡಬಾರದ ಪಾಡು ಪಟ್ಟಿದ್ದಳು.

ತಂಗಿಗೆ ಒಂದು ಅಭ್ಯಾಸವಿತ್ತು. ಹೊಸ ಬಟ್ಟೆ ಬಂದರೆ ನನ್ನಿಂದ ಒಂದು ತುಂಡು ಕೇಳಿ ಪಡೆದು, ಎತ್ತರಕ್ಕೆ ಹಿಡಿದು ಕೈಬಿಡುವಳು. ಅದು ಬೀಳುವುದನ್ನು ನೋಡುವಳು. ಎತ್ತಿಕೊಂಡು ಮತ್ತೆ ಬಿಡುವಳು. ಹತ್ತು ಸಲ ಬಿಟ್ಟ ಮೇಲೆ ಒಂದೇ ಗೆರೆಯಲ್ಲಿ ಆ ಬಟ್ಟೆಯ ಮಡಿಕೆ ಕಾಗದದ ಮೇಲೆ ಇಳಿಯುತ್ತಿತ್ತು. ಉಣ್ಣೆಯ ಗೆರೆ ಬೇರೆ, ರೇಷ್ಮೆಯ ಗೆರೆ ಬೇರೆ. ಫ್ಯಾಷನ್ ಮೇಲಿನ ಕೋಣೆಯಿಂದ ಇಳಿದುಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಇವಳು ಮಾತ್ರ ಅದು ಬಸ್ ನಿಲ್ದಾಣದಿಂದ ಹತ್ತಿಬರುತ್ತದೆ ಎನ್ನುತ್ತಿದ್ದಳು. ಊಟದ ಹೊತ್ತಿನಲ್ಲಿ ನಿಲ್ದಾಣದ ಬೆಂಚಿನ ಮೇಲೆ ಕೂತು ಹೋಗಿಬರುವವರನ್ನು ಬಿಡಿಸಿಕೊಳ್ಳುವಳು. ‘ಅಕ್ಕಾ, ಎಲ್ಲರೂ ಕಾಲರ್ ಎತ್ತಿ ಹಿಡ್ಕೊಳ್ತಿದ್ದಾರೆ. ಬರೋ ಚಳಿಗೆ ಕಾಲರ್ ಕಿವಿ ಮುಟ್ಟುತ್ತೆ ನೋಡ್ತಿರು’ ಎನ್ನುವಳು. ಮುಂದಿನ ಚಳಿಗೆ ಹಾಗೇ ಆಗುತ್ತಿತ್ತು. ಮೇಲಿನ ಕೋಣೆಯವರು ತಾವೇ ಕಂಡುಹಿಡಿದ ಹಾಗೆ ಮೀಸೆ ತಿರುವುತ್ತಿದ್ದರು.

ಅವಳಿಗೆ ಬೇಕಾಗಿದ್ದುದು ಒಂದೇ. ಇನ್ನೊಬ್ಬರು ಹೇಳಿದ್ದನ್ನು ಬಿಡಿಸುವುದು ಸಾಕು, ತನ್ನದೇ ಉಡುಪು ಯೋಚಿಸಬೇಕು, ಮೇಲಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು ಬೇಕು. ಇದು ಮಳಿಗೆಗೆಲ್ಲ ಗೊತ್ತಿತ್ತು.

‘ಅಕ್ಕ ನೆಲದಡಿ, ತಂಗಿ ಮೆಟ್ಟಿಲ ಮೇಲೆ’ ಎಂದು ಕಾಜಾ ಅಕ್ಕ ನನ್ನನ್ನು ಕೆಣಕುವಳು. ‘ನಾಳೆ ಮಾಳಿಗೆ ಹತ್ತಿದ ಮೇಲೆ ನಿನ್ನ ಗುರುತು ಹಿಡೀತಾಳೋ ಇಲ್ವೋ?’

‘ಹಿಡೀದೆ ಇದ್ರೆ ಸೂಜಿ ಚುಚ್ಚಿ ಕೆಳಗಿಳಿಸ್ತೀನಿ’ ಎಂದು ನಾನೂ ನಗುತ್ತಿದ್ದೆ. ಮೆಟ್ಟಿಲ ಮೇಲೆ ಕೂತ ತಂಗಿಗೆ ಅದು ಕೇಳಿಸುತ್ತಿತ್ತು.

ಒಂದು ವರ್ಷ ಮೇಲಿನ ಕೋಣೆಯವರಲ್ಲಿ ಒಬ್ಬ ಬೇರೆ ಮಳಿಗೆಗೆ ಹೊರಟುಹೋದ. ಚಳಿಗಾಲದ ಪ್ರದರ್ಶನಕ್ಕೆ ಮೂರು ವಾರವಿತ್ತು. ಮಾಲಕಿ ಮೆಟ್ಟಿಲು ಇಳಿಯುತ್ತ ತಂಗಿಯ ಮೇಜಿನ ಮೇಲೆ ಒಂದು ಚಿತ್ರ ಕಂಡಳು. ಈ ಮಾಲಕಿ ಹಗಲಿಡೀ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಇರುವವಳು, ನಾವು ಬೆನ್ನ ಹಿಂದೆ ಟೇಪಮ್ಮ ಎನ್ನುತ್ತಿದ್ದೆವು. ಚಿತ್ರದಲ್ಲಿದ್ದುದು ಒಂದು ಉದ್ದನೆಯ ಮಖಮಲ್ ಕೋಟು. ಭುಜ ಇಕ್ಕಟ್ಟು, ಸೊಂಟ ಸಣ್ಣದು, ಅಲ್ಲಿಂದ ಕೆಳಕ್ಕೆ ಕಣಕಾಲಿನವರೆಗೆ ಅರಳುತ್ತ ಹೋಗುತ್ತದೆ. ಆ ಅರಳುವ ಅಗಲಕ್ಕೆ ನಮ್ಮಲ್ಲಿ ಘೇರು ಎನ್ನುತ್ತೇವೆ.

‘ಇದು ಯಾರು ಹೇಳಿದ್ದು?’

‘ಯಾರೂ ಹೇಳಿಲ್ಲಮ್ಮ. ನಾನೇ.’

ಟೇಪಮ್ಮ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. ‘ಹೊಲಿಸು. ಪ್ರದರ್ಶನದಲ್ಲಿ ಇದನ್ನ ನಾಲ್ಕು ಜನ ಕೇಳಿದ್ರೆ ಮೇಲಿನ ಖಾಲಿ ಮೇಜು ನಿಂದು.’

ಆ ದಿನ ತಂಗಿ ನೆಲದಡಿಗೆ ಹಾರಿಕೊಂಡೇ ಬಂದಳು. ನಮ್ಮವರಿಗೆ ಬೆರಳು ತೋರಿಸಿ ಹೇಳಿದಳು, ‘ಭಾವ, ಕೈಮುಗೀತೀನಿ, ಘೇರಲ್ಲಿ ಒಂದಿಂಚೂ ಕಡಿಮೆ ಮಾಡ್ಬೇಡಿ. ಕೋಟಿನ ಜೀವ ಅದರಲ್ಲೇ ಇದೆ.’

ಮಖಮಲ್ ಬರುವುದು ತಡವಾಯಿತು. ಪ್ರದರ್ಶನಕ್ಕೆ ಐದು ದಿನ ಇದೆ ಎನ್ನುವಾಗ ಬಂತು, ಗಾಢ ದ್ರಾಕ್ಷಿ ಬಣ್ಣದ್ದು, ಒಂದೇ ತುಂಡು. ಆ ಬಣ್ಣದಲ್ಲಿ ಗಿರಣಿಯವರ ಹತ್ತಿರ ಇನ್ನೊಂದು ಗಜವೂ ಇರಲಿಲ್ಲ. ಸರಿಯಾಗಿ ಅದೇ ದಿನ ನಮ್ಮವರು ಜ್ವರದಿಂದ ಹಾಸಿಗೆ ಹಿಡಿದರು. ‘ಅಚ್ಚು ಹಾಸಿ ನೀನೇ ಕತ್ತರಿಸು. ಉಣ್ಣೆ ಕತ್ತರಿಸಿದವಳಿಗೆ ಇದೇನು ಮಹಾ’ ಎಂದು ಕತ್ತರಿ ನನ್ನ ಕೈಗೆ ಕೊಟ್ಟರು.

ಬೆಳಗ್ಗೆ ಮೇಜಿನ ಮೇಲೆ ಬಟ್ಟೆ ಬಿಚ್ಚಿ ಅಚ್ಚು ಹಾಸಿದೆ. ಬೆನ್ನು ಕೂತಿತು, ತೋಳು ಕೂತಿತು, ಬಲ ಎದೆಯ ಭಾಗ ಕೂತಿತು. ಎಡ ಭಾಗಕ್ಕೆ ಬಟ್ಟೆ ಸಾಲಲಿಲ್ಲ. ಮುಕ್ಕಾಲು ಗಜ ಕಡಿಮೆ. ನಾನು ಎಲ್ಲವನ್ನೂ ಎತ್ತಿ ಮತ್ತೆ ಹಾಸಿದೆ. ಮೂರು ಸಲ ಹಾಸಿದೆ. ಘೇರು ತಗ್ಗಿಸಿದರೆ ಆಗುತ್ತಿತ್ತು. ಆದರೆ ಒಂದಿಂಚೂ ಬೇಡ ಎಂದು ಹೇಳಿದ ಅವಳ ಮುಖ ಕಣ್ಣ ಮುಂದೆ ಇತ್ತು.

ಎದೆಯ ಭಾಗ ಮೇಲೆ ಕಿರಿದು, ಕೆಳಗೆ ಅಗಲ. ಎರಡನ್ನೂ ತಲೆ ಮೇಲೆ ಮಾಡಿ ಹಾಸಿದರೆ ಜಾಗ ತಿನ್ನುತ್ತದೆ. ಒಂದನ್ನು ತಲೆಕೆಳಗು ಮಾಡಿದರೆ ಒಂದರ ಕಿರಿದಿನ ಪಕ್ಕ ಇನ್ನೊಂದರ ಅಗಲ ಕೂರುತ್ತದೆ, ನಾವಿಬ್ಬರೂ ಮಂಚದಲ್ಲಿ ಮಲಗುತ್ತಿದ್ದ ಹಾಗೆ. ಹತ್ತಿ ಬಟ್ಟೆಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಮಖಮಲ್ಲಿಗೆ ಮಾತ್ರ ಬೆಕ್ಕಿನ ಮೈಯ ಹಾಗೆ ಕೂದಲಿದೆ, ಆ ಕೂದಲಿಗೆ ಒಂದು ದಿಕ್ಕಿದೆ. ಎಲ್ಲ ತುಂಡಿನಲ್ಲೂ ದಿಕ್ಕು ಒಂದೇ ಇರಬೇಕು. ಇದು ನನಗೆ ತಿಳಿಯದ್ದಲ್ಲ. ಕೈಯಾಡಿಸಿ ನೋಡಿದೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ತುಸು ತಡೆ, ಅಷ್ಟೇ. ಮುಟ್ಟಿದವರಿಗೆ ತಿಳಿದೀತು, ನೋಡಿದವರಿಗೆ ಹೇಗೆ ತಿಳಿಯುತ್ತದೆ ಎಂದುಕೊಂಡೆ. ನೆಲದಡಿಯಲ್ಲಿ ದೀಪ ನೆತ್ತಿಯ ಮೇಲೇ ಉರಿಯುತ್ತದೆ. ಆ ಬೆಳಕಿನಲ್ಲಿ ಎರಡೂ ಒಂದೇ ಬಣ್ಣ ಕಾಣುತ್ತಿದ್ದವು. ನಮ್ಮವರನ್ನು ಕೇಳಬಹುದಿತ್ತು, ಮನೆ ನಾಲ್ಕು ಬೀದಿ ಆಚೆ. ಕೇಳಿದರೆ ಘೇರು ಕತ್ತರಿಸು ಅನ್ನುತ್ತಾರೆ ಎಂದು ಹೋಗಲಿಲ್ಲ. ತಂಗಿ ಮೆಟ್ಟಿಲ ಮೇಲೇ ಇದ್ದಳು. ಅವಳನ್ನೂ ಕೇಳಲಿಲ್ಲ. ಬಟ್ಟೆ ಸಾಲಲಿಲ್ಲ ಎಂದರೆ ಅವಳ ಮುಖ ಬಾಡುತ್ತದೆ ಎಂದು ಹೆದರಿದೆ. ಎಡ ಭಾಗವನ್ನು ತಲೆಕೆಳಗು ಹಾಸಿ ಕತ್ತರಿಸಿಬಿಟ್ಟೆ.

ಮಧ್ಯಾಹ್ನ ತಂಗಿ ಬಂದು, ‘ಅಕ್ಕಾ, ಆಯ್ತಾ? ಕಾಲರ್ ಅಚ್ಚಿನ ಮೂಲೆ ಸ್ವಲ್ಪ ಸವರ್ಬೇಕಿತ್ತು’ ಎಂದಳು. ಕತ್ತರಿಸಿದ ಭಯ ಇನ್ನೂ ಇಳಿದಿರಲಿಲ್ಲ, ಸಿಟ್ಟಿನಲ್ಲಿ ಅಂದೆ, ‘ನಿನಗೇನಮ್ಮ, ಗೆರೆ ಎಳೆದು ಕೈ ತೊಳ್ಕೊಳ್ತೀಯ. ಸಾಯೋರು ನಾವು.’ ಅವಳು ಮೆಟ್ಟಿಲು ಹತ್ತಿ ತನ್ನ ಮೇಜಿಗೆ ಹೋದಳು.

ಪ್ರದರ್ಶನದ ದಿನ ಬೆಳಗ್ಗೆ ಹತ್ತಕ್ಕೆ ಕೋಟು ಮೇಲಕ್ಕೆ ಹೋಯಿತು. ಬೇರೆ ಬೇರೆ ಊರಿನ ಅಂಗಡಿಯವರು ಹನ್ನೊಂದಕ್ಕೆ ಬರುವವರಿದ್ದರು. ಕೋಟು ತೊಟ್ಟ ರೂಪದರ್ಶಿ ಕನ್ನಡಿ ಬಿಟ್ಟು ದೊಡ್ಡ ಕಿಟಕಿಯ ಕಡೆ ನಡೆದಳು. ಪಕ್ಕದಿಂದ ಬಿಸಿಲು ಬಿತ್ತು. ನಾನು ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದೆ. ಬಲ ಮಗ್ಗುಲು ಕಪ್ಪು ದ್ರಾಕ್ಷಿ. ಎಡ ಮಗ್ಗುಲು ಬೂದಿ ಮೆತ್ತಿದ ಹಾಗೆ ಬಿಳಚಿಕೊಂಡಿತ್ತು. ಎರಡು ಕೋಟುಗಳನ್ನು ನಡುವೆ ಸೀಳಿ ಜೋಡಿಸಿದ ಹಾಗೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಟೇಪಮ್ಮ ಹತ್ತಿರ ಹೋಗಿ ಅಂಗೈಯಿಂದ ಎರಡೂ ಮಗ್ಗುಲು ಸವರಿದಳು. ‘ಯಾರು ಕತ್ತರಿಸಿದ್ದು ಇದನ್ನ? ಮಾಸ್ತರ ಮೇಜಲ್ಲಿ ಆಗಿದ್ದಾ?’

ಕತ್ತರಿಯ ತಪ್ಪು ಎಂದರೆ ಅದು ಮಾಸ್ತರ ತಲೆಗೆ. ಇವತ್ತೇ ಮನೆಗೆ ನಡಿ ಎನ್ನುವುದೇ. ನಮಗೆ ಎರಡು ಸಣ್ಣ ಮಕ್ಕಳಿದ್ದವು. ನಾನು ಹಿಡಿದ ಚೌಕಟ್ಟು ಬಿಡಲಿಲ್ಲ. ಅಷ್ಟರಲ್ಲಿ ತಂಗಿ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ತನ್ನ ಚಿತ್ರ ತೆಗೆದುಕೊಂಡು ಮುಂದೆ ಹೋದಳು.

‘ಕತ್ತರಿಸಿದವರ ತಪ್ಪಲ್ಲಮ್ಮ. ಹಾಗೇ ಮಾಡಿ ಅಂತ ನಾನೇ ಹೇಳಿದ್ದು. ನೋಡಿ, ಚಿತ್ರದಲ್ಲೇ ಇದೆ.’

ಚಿತ್ರದಲ್ಲಿ ಇತ್ತು. ಬಿಡಿಸುವವರು ಒಂದು ಕಡೆಯಿಂದ ಬೆಳಕು ಬಿದ್ದ ಹಾಗೆ ಒಂದು ಮಗ್ಗುಲು ತಿಳಿಯಾಗಿ, ಇನ್ನೊಂದು ಮಗ್ಗುಲು ಗಾಢವಾಗಿ ಬಣ್ಣ ಹಾಕುತ್ತಾರೆ, ದೇಹ ಉಬ್ಬಿ ಕಾಣಲೆಂದು. ಅವಳ ಎಲ್ಲ ಚಿತ್ರದಲ್ಲೂ ಅದು ಹಾಗೇ ಇರುತ್ತಿತ್ತು. ತಿಳಿಯ ಕಡೆ ಅದೃಷ್ಟಕ್ಕೆ ಎಡವೇ ಆಗಿತ್ತು.

ಟೇಪಮ್ಮ ಚಿತ್ರ ನೋಡಿದಳು, ಕೋಟು ನೋಡಿದಳು. ‘ಅಯ್ಯೋ ಪೆದ್ದಿ, ಕಾಗದದ ನೆರಳನ್ನ ಬಟ್ಟೇಲಿ ಹೊಲಿಸಿದ್ಯಾ? ಬಟ್ಟೆಯ ಕೂದಲು ಯಾವ ಕಡೆ ಅಂತ ತಿಳೀದವಳಿಗೆ ಮೇಲಿನ ಕೋಣೆ ಬೇರೆ ಕೇಡು!’ ಎಂದಳು. ಮೇಲಿನ ಕೋಣೆಯವರಿಬ್ಬರೂ ಗಹಗಹಿಸಿ ನಕ್ಕರು. ಕೋಟನ್ನು ಒಳಗೆ ಒಯ್ದರು. ತಂಗಿ ವಾರ ಮುಗಿಯುವ ಮೊದಲೇ ಮೆಟ್ಟಿಲ ಮೇಜಿನಿಂದ ತನ್ನ ಕುಂಚ, ಮಸಿಕುಡಿಕೆ ಕಟ್ಟಿಕೊಂಡು ಹೊರಟಳು. ಯಾರೂ ಹೋಗು ಎನ್ನಲಿಲ್ಲ. ನಗು ನಿಲ್ಲಲಿಲ್ಲ, ಅಷ್ಟೇ.

ಅವಳ ಹಿಂದೆ ಬೀದಿಯವರೆಗೆ ಓಡಿದೆ. ‘ಯಾಕೆ ಹಾಗಂದೆ? ನನ್ನಿಂದ ಆಯ್ತು ಅಂತ ನಾನೇ ಹೇಳ್ತಿದ್ದೆ’ ಎಂದೆ.

‘ಭಾವ ಹುಷಾರಾದ್ರಾ?’ ಎಂದು ಕೇಳಿದಳು. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆದಳು.

ಆಮೇಲೆ ಪತ್ರಿಕೆಯ ಜಾಹೀರಾತಿಗೆ ಬನಿಯನ್, ಕಾಲುಚೀಲ, ಒಳಲಂಗ ಬಿಡಿಸುವ ಕೆಲಸ ಸಿಕ್ಕಿತು. ‘ಕಾಲುಚೀಲಕ್ಕೆ ಒಂಬತ್ತು ತಲೆ ಬೇಡ, ಆರಾಮು’ ಎಂದು ಮಕ್ಕಳನ್ನು ನಗಿಸುತ್ತಿದ್ದಳು. ಮೊದಲು ಪ್ರತಿ ಭಾನುವಾರ ನಮ್ಮ ಮನೆಗೆ ಬರುವವಳು ತಿಂಗಳಿಗೊಮ್ಮೆ ಬಂದಳು, ಆಮೇಲೆ ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ. ಮಕ್ಕಳ ಜೊತೆ ನೆಲದ ಮೇಲೆ ಉರುಳಾಡುವಳು. ನನ್ನ ಜೊತೆ ಮಾತ್ರ ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುವಳು. ಕೆಲಸ ಹೋದ ನೋವು ಎಂದು ನಾನು ತಿಳಿದೆ.

ಎರಡು ಚಳಿಗಾಲ ಕಳೆಯಿತು. ಮೂರನೆಯದರಲ್ಲಿ, ನನ್ನ ಮಗಳ ಹುಟ್ಟುಹಬ್ಬಕ್ಕೆ ಬೂಟು ಕೊಳ್ಳಲು ನಾನೂ ತಂಗಿಯೂ ದೊಡ್ಡ ಬೀದಿಗೆ ಹೋಗಿದ್ದೆವು. ನಮ್ಮದೇ ಮಳಿಗೆಯ ಗಾಜಿನ ಮುಂದೆ ಜನ ಮುತ್ತಿದ್ದರು. ಒಳಗೆ ಮೂರು ಬೊಂಬೆಗಳು, ಮೂರಕ್ಕೂ ಮಖಮಲ್ ಕೋಟು, ಒಂದು ಮಗ್ಗುಲು ಗಾಢ, ಒಂದು ಮಗ್ಗುಲು ತಿಳಿ. ಬೇಕೆಂದೇ ಮಾಡಿದ್ದು. ವಾರದಿಂದ ಮಹಡಿಯಲ್ಲಿ ಗುಟ್ಟಾಗಿ ಏನೋ ನಡೆಯುತ್ತಿದೆ ಎಂದು ನೆಲದಡಿಯವರಿಗೆ ಗೊತ್ತಿತ್ತು, ಇದೇ ಎಂದು ಗೊತ್ತಿರಲಿಲ್ಲ. ತಂಗಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು.

‘ತೋಳಿಗೂ ಹಾಗೇ ಮಾಡಿದ್ದಾರೆ’ ಎಂದಳು. ‘ನಾನಾಗಿದ್ರೆ ತೋಳು ಬಿಡ್ತಿದ್ದೆ. ಘೇರೂ ಕಡಿಮೆ.’

ಆ ಚಳಿಗಾಲ ಮುಗಿಯುವುದರೊಳಗೆ ಬೀದಿಯಲ್ಲಿ ಮೂವರಲ್ಲಿ ಒಬ್ಬಳ ಮೈಮೇಲೆ ಅದೇ ಕೋಟು. ಮೇಲಿನ ಕೋಣೆಯ ಒಬ್ಬನ ಫೋಟೋ ಪತ್ರಿಕೆಯಲ್ಲಿ ಬಂತು, ಎರಡು ಬೆಳಕಿನ ಕೋಟು ಕಂಡುಹಿಡಿದವನು ಎಂದು. ಅದೇ ಹಾಳೆಯ ಮೂಲೆಯಲ್ಲಿ ತಂಗಿ ಬಿಡಿಸಿದ ಕಾಲುಚೀಲ.

ನಾನು ಚಪ್ಪಲಿ ಮೆಟ್ಟಿ ಹೊರಟೆ. ‘ಟೇಪಮ್ಮನ ಹತ್ರ ಹೋಗಿ ಎಲ್ಲಾ ಹೇಳಿಬಿಡ್ತೀನಿ.’

ನಮ್ಮವರು ಬಾಗಿಲಿಗೆ ಅಡ್ಡ ನಿಂತರು. ‘ಏನಂತ? ನನ್ನ ಹೆಂಡತಿ ಬಟ್ಟೆ ತಿರುಗಿಸಿದಳು, ಅವಳ ತಂಗಿ ಸುಳ್ಳು ಹೇಳಿದಳು ಅಂತಾನಾ? ಆಗ ಫೋಟೋ ಅವಳದು ಹಾಕ್ತಾರಾ? ಇರೋ ಕೆಲಸಾನೂ ಕಳ್ಕೊಂಡು ಕೂತ್ಕೋ.’ ಅವರೇನು ಕೆಟ್ಟವರಲ್ಲ. ಹೆದರಿದ್ದರು. ನಾನೂ ಹೆದರಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದೆ. ಅದನ್ನು ಅವರ ಮೇಲೆ ಹಾಕಲಾರೆ, ಬಿಟ್ಟದ್ದು ನನ್ನ ಕಾಲೇ.

ಮುಂದೆ ಜಾಹೀರಾತಿಗೆಲ್ಲ ಫೋಟೋ ಬಂದು ಕಾಲುಚೀಲವನ್ನೂ ಕ್ಯಾಮೆರಾ ನುಂಗಿತು. ಬಿಡಿಸುವವರು ಯಾರಿಗೂ ಬೇಡವಾದರು. ತಂಗಿ ಒಂದು ಅಂಗಡಿಯ ಫಲಕಗಳಲ್ಲಿ ಅಕ್ಷರ ಬರೆಯುತ್ತ ಮೂವತ್ತು ವರ್ಷ ಕಳೆದಳು. ಮದುವೆ ಮಾಡಿಕೊಳ್ಳಲಿಲ್ಲ. ನಮ್ಮವರು ತೀರಿಕೊಂಡಾಗ ಬಂದು ಹದಿನೈದು ದಿನ ನನ್ನ ಜೊತೆ ಇದ್ದಳು, ಅನ್ನ ಬೇಯಿಸಿ ಬಡಿಸಿದಳು. ಆಗಲೂ ಕುರ್ಚಿಯ ತುದಿಯಲ್ಲೇ ಕೂತಳು.

ಕೊನೆಗೆ ಅವಳಿಗೆ ಶ್ವಾಸಕೋಶದ ಕಾಯಿಲೆ. ನಾಲ್ಕನೆಯ ಮಹಡಿಯ ಅವಳ ಒಂದೇ ಕೋಣೆಯಲ್ಲಿ ನಾನು ಹೋಗಿ ಉಳಿದೆ. ಒಂದು ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಅವಳ ದಿಂಬಿನ ಚೀಲಕ್ಕೆ ಅಂಚು ಹೊಲಿಯುತ್ತಿದ್ದೆ. ಅವಳಿಗೆ ನಿದ್ದೆ ಬಂದಿದೆ ಎಂದುಕೊಂಡಿದ್ದೆ.

‘ಅಕ್ಕಾ, ಅಷ್ಟು ಸಿಟ್ಟಿತ್ತಾ ನನ್ನ ಮೇಲೆ?’

‘ಯಾವಾಗ?’

‘ಕೋಟು ಕತ್ತರಿಸಿದ ದಿನ.’

ಸೂಜಿಯನ್ನು ದಿಂಬಿನ ಚೀಲಕ್ಕೆ ಚುಚ್ಚಿಟ್ಟೆ. ಅವಳು ಉಸಿರು ತೆಗೆದುಕೊಳ್ಳುತ್ತ ನಿಧಾನವಾಗಿ ಹೇಳಿದಳು. ‘ನಾನು ಮೇಲಕ್ಕೆ ಹೋಗೋದು ನಿನಗೆ ಬೇಕಿರ್ಲಿಲ್ಲ ಅಂದ್ಕೊಂಡೆ. ಅದರಲ್ಲಿ ತಪ್ಪೇನಿಲ್ಲ. ನಿನ್ನ ಶಾಲೆ ಬಿಡಿಸಿ ನನಗೆ ಬಣ್ಣದ ಪೆಟ್ಟಿಗೆ ಕೊಡ್ಸಿದ್ರು. ಅದಕ್ಕೆ ಒಂದು ಸಲ ತಿರುಗಿಸಿದ್ರೆ ತಿರುಗಿಸ್ಲಿ ಅಂತ ಬಿಟ್ಟುಬಿಟ್ಟೆ.’

ಮೂವತ್ತೆಂಟು ವರ್ಷ. ನಾನು ಬೇಕೆಂದೇ ಹಾಳುಮಾಡಿದೆ ಎಂದು ಮೂವತ್ತೆಂಟು ವರ್ಷ ನಂಬಿಕೊಂಡೇ ಅವಳು ನನ್ನ ಮಕ್ಕಳನ್ನು ಎತ್ತಿ ಆಡಿಸಿದ್ದಳು, ನನ್ನ ಮನೆಗೆ ಬಂದು ಊಟ ಮಾಡಿದ್ದಳು.

‘ಇಲ್ಲ ಕಣೇ’ ಎಂದೆ. ‘ಬಟ್ಟೆ ಸಾಲ್ಲಿಲ್ಲ. ಮುಕ್ಕಾಲು ಗಜ ಕಡಿಮೆ ಬಂತು. ಘೇರು ಉಳಿಸೋಕೆ ತಿರುಗಿಸಿದೆ. ಬಣ್ಣ ಬದಲಾಗುತ್ತೆ ಅಂತ ನನಗೆ ಹೊಳೀಲಿಲ್ಲ.’

ಅವಳು ಎದ್ದು ಕೂರಲು ನೋಡಿದಳು, ಆಗಲಿಲ್ಲ. ‘ಕೇಳಿದ್ರೆ ತಗ್ಗಿಸ್ತಿದ್ದೆನಲ್ಲ ಅಕ್ಕಾ.’

‘ಒಂದಿಂಚೂ ಬೇಡ ಅಂದಿದ್ದೆ ನೀನು.’

‘ಅದು ಭಾವನಿಗೆ ಹೇಳಿದ್ದು. ಭಾವ ಒಂದಿಂಚು ಬಿಟ್ರೆ ನಾಲ್ಕಿಂಚು ತಿನ್ನೋರು. ನಿನಗೆ ಯಾವತ್ತು ಹಾಗೆ ಹೇಳಿದ್ದೆ?’

ಅವಳ ಪಾದ ಹಿಡಿದು ಅತ್ತೆ. ‘ಈಗಲಾದ್ರೂ ಹೋಗಿ ಹೇಳ್ತೀನಿ. ಆ ಕೋಟು ನಿಂದು ಅಂತ ಹೇಳ್ತೀನಿ.’

‘ಯಾರಿಗೆ?’ ಎಂದು ಕೇಳಿದಳು. ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದ್ದಳು.

ಹನ್ನೊಂದು ದಿನಕ್ಕೆ ಹೋದಳು. ಆ ಹನ್ನೊಂದು ದಿನ ನನ್ನ ಕೈ ಹಿಡಿದೇ ಮಲಗುತ್ತಿದ್ದಳು. ಇಷ್ಟು ಕೊಟ್ಟಳಲ್ಲ ಎಂದುಕೊಂಡರೆ ಸಮಾಧಾನವಾಗಬೇಕು. ಆಗುವುದಿಲ್ಲ. ಹನ್ನೊಂದು ದಿನದ ಪಕ್ಕದಲ್ಲಿ ಮೂವತ್ತೆಂಟು ವರ್ಷ ಬಂದು ನಿಲ್ಲುತ್ತದೆ.

ಅವಳು ಹೋದ ತಿಂಗಳಿಗೆ ನಾನು ಮಳಿಗೆಗೆ ಹೋದೆ. ಟೇಪಮ್ಮ ಸತ್ತು ಎಷ್ಟೋ ಕಾಲವಾಗಿತ್ತು. ಮೇಲಿನ ಕೋಣೆ ಇದ್ದ ಕಡೆ ಈಗ ಬೂಟು, ಕೈಚೀಲ ಮಾರುತ್ತಾರೆ. ನೆಲದಡಿ ಬರೀ ಪೆಟ್ಟಿಗೆಗಳು. ಹೊಲಿಗೆ ಎಲ್ಲೋ ದೂರದಲ್ಲಿ ಆಗಿ ಬರುತ್ತದಂತೆ. ಮಾರುವ ಹೆಂಗಸು ಒಳ್ಳೆಯವಳು, ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ನಾನು ಶುರುವಿನಿಂದ ಹೇಳಿದೆ. ಘೇರು ಹೇಳಿದೆ, ಕೂದಲಿನ ದಿಕ್ಕು ಹೇಳಿದೆ, ತಪ್ಪು ನನ್ನದು ಎಂದೆ, ಕೋಟು ನನ್ನ ತಂಗಿಯದು ಎಂದೆ. ನಡುವೆ ಎರಡು ಸಲ ಗಿರಾಕಿ ಬಂದು ಅವಳು ಎದ್ದುಹೋದಳು, ಎರಡು ಸಲವೂ ವಾಪಸ್ ಬಂದು ಕೂತಳು. ಎಲ್ಲ ಮುಗಿದ ಮೇಲೆ ಬಹಳ ಮೃದುವಾಗಿ ಹೇಳಿದಳು:

‘ಈ ಸಲ ಮಖಮಲ್ ಬಂದಿಲ್ಲ ಅಜ್ಜಿ. ಬೇರೆ ಏನಾದ್ರೂ ತೋರಿಸ್ಲಾ?’

ಬೇಡಮ್ಮ ಎಂದು ಎದ್ದು ಬಂದೆ.